ಅಂತರರಾಷ್ಟ್ರೀಯ ಸಂಬಂಧ ಮತ್ತು ಸೇನಾ ಸಹಕಾರದ ಸಂಶೋಧನೆಯನ್ನೇ ವೃತ್ತಿಯಾಗಿಸಿಕೊಳ್ಳುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಕ್ಷೇತ್ರಕ್ಕೆ ಬರಬೇಕೆಂದಿರುವ ವಿದ್ಯಾರ್ಥಿಗಳು, ಪಿಎಚ್‌.ಡಿ ನಡುವೆ ಇರುವವರು ಮತ್ತು ಹೊಸದಾಗಿ ಅಧ್ಯಾಪಕರಾದವರು ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇವೆ. ಸರಳವಾದವು ಮೊದಲು, ಕಠಿಣವಾದವು ಆಮೇಲೆ. ಯಾವ ಉತ್ತರವನ್ನು ಬೇಕಾದರೂ ಬಿಡಿಯಾಗಿ ಓದಬಹುದು.

## ಮೊದಲ ಪರಿಚಯ

ಸೇನಾ ಸಹಕಾರ ಅಂದರೆ ಮೈತ್ರಿಕೂಟ ತಾನೆ? ಅದರಲ್ಲಿ ಜೀವನಪೂರ್ತಿ ಸಂಶೋಧನೆ ಮಾಡುವಷ್ಟು ಏನಿದೆ?

ಮೈತ್ರಿಕೂಟ ಇದರ ಒಂದು ಭಾಗ ಮಾತ್ರ. ಎಲ್ಲರಿಗೂ ಗೊತ್ತಿರುವ ನ್ಯಾಟೋವನ್ನೇ ತೆಗೆದುಕೊಳ್ಳಿ. 1949ರಲ್ಲಿ 12 ದೇಶಗಳಿಂದ ಶುರುವಾಗಿ, 2024ರ ಮಾರ್ಚ್‌ನಲ್ಲಿ ಸ್ವೀಡನ್ ಸೇರಿದ ಮೇಲೆ 32 ದೇಶಗಳಾಗಿವೆ. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎನ್ನುವ ಅದರ 5ನೇ ವಿಧಿ ಜನಪ್ರಿಯ. ಆದರೆ ಆ ವಿಧಿಯನ್ನು ಪೂರ್ತಿ ಓದಿದವರು ಕಡಿಮೆ. ಪ್ರತಿ ದೇಶವೂ ತನಗೆ ಅಗತ್ಯವೆಂದು ತೋಚಿದ ಕ್ರಮ ಕೈಗೊಳ್ಳಬೇಕು, ಸಶಸ್ತ್ರ ಬಲದ ಬಳಕೆಯೂ ಅದರಲ್ಲಿ ಸೇರಬಹುದು ಎಂದಷ್ಟೇ ಅದು ಹೇಳುತ್ತದೆ. ಯುದ್ಧಕ್ಕೆ ಇಳಿಯಲೇಬೇಕು ಎಂದು ಎಲ್ಲೂ ಬರೆದಿಲ್ಲ. ಈ ವಿಧಿಯನ್ನು ಬಳಸಿದ್ದು ಒಂದೇ ಸಲ, 2001ರ ಸೆಪ್ಟೆಂಬರ್ 11ರ ದಾಳಿಯ ನಂತರ.

ಇದರ ಕೆಳಗೆ ಇನ್ನೂ ದೊಡ್ಡ ಲೋಕವಿದೆ. ಪರದೇಶದಲ್ಲಿರುವ ಸೈನಿಕ ಅಪರಾಧ ಮಾಡಿದರೆ ಯಾವ ನ್ಯಾಯಾಲಯ ವಿಚಾರಣೆ ಮಾಡಬೇಕು ಎಂಬಂಥದ್ದನ್ನು ತೀರ್ಮಾನಿಸುವ ಒಪ್ಪಂದಗಳಿವೆ. ನ್ಯಾಟೋ ದೇಶಗಳು ಅಂಥದ್ದಕ್ಕೆ 1951ರಲ್ಲಿ ಲಂಡನ್‌ನಲ್ಲಿ ಸಹಿ ಹಾಕಿದವು. ಇಂಧನ, ದುರಸ್ತಿ, ಬಿಡಿಭಾಗ ಪಡೆದು ಆಮೇಲೆ ಲೆಕ್ಕ ಚುಕ್ತಾ ಮಾಡುವ ಸರಬರಾಜು ಒಪ್ಪಂದಗಳಿವೆ. ಭಾರತ ಮತ್ತು ಅಮೆರಿಕದ ನಡುವೆ 2016ರಲ್ಲಿ ಆದದ್ದು ಈ ಜಾತಿಯದು, ಅದರಲ್ಲಿ ಪರಸ್ಪರ ರಕ್ಷಣೆಯ ಮಾತೇ ಇಲ್ಲ. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಮಲೇಷ್ಯಾ, ಸಿಂಗಪುರ ಸೇರಿ 1971ರಲ್ಲಿ ಮಾಡಿಕೊಂಡ ಪಂಚರಾಷ್ಟ್ರ ರಕ್ಷಣಾ ವ್ಯವಸ್ಥೆಯಲ್ಲಿ ದಾಳಿಯಾದರೆ ಕೂಡಲೇ ಸಮಾಲೋಚಿಸಬೇಕು ಎನ್ನುವುದೇ ಮುಖ್ಯ ಬಾಧ್ಯತೆ. ಇವಲ್ಲದೆ ಜಂಟಿ ಸಮರಾಭ್ಯಾಸ, ಅಧಿಕಾರಿಗಳ ತರಬೇತಿ, ಗುಪ್ತಮಾಹಿತಿ ವಿನಿಮಯ, ಶಸ್ತ್ರಾಸ್ತ್ರಗಳ ಜಂಟಿ ತಯಾರಿಕೆ ಎಲ್ಲವೂ ಸಂಶೋಧನೆಯ ವಸ್ತುಗಳೇ.

ಸಹಿ ಬಿದ್ದ ಕಾಗದಕ್ಕೂ ನೆಲದ ಮೇಲೆ ನಡೆಯುವುದಕ್ಕೂ ಎಷ್ಟು ಅಂತರವಿದೆ, ಅದು ಯಾಕಿದೆ ಎನ್ನುವುದೇ ಈ ಕ್ಷೇತ್ರದ ಮೂಲ ಪ್ರಶ್ನೆ. ಯುರೋಪಿಯನ್ ಒಕ್ಕೂಟ ಸುಮಾರು 1,500 ಸೈನಿಕರ ‘ಬ್ಯಾಟಲ್‌ಗ್ರೂಪ್’ಗಳನ್ನು 2007ರಿಂದ ಸರದಿಯ ಮೇಲೆ ಸಿದ್ಧವಾಗಿಟ್ಟಿದೆ. ಒಮ್ಮೆಯೂ ಅವನ್ನು ಕಣಕ್ಕೆ ಇಳಿಸಿಲ್ಲ. ಅದು ಯಾಕೆ ಎಂಬ ಒಂದೇ ಪ್ರಶ್ನೆಗೆ ಹಣಕಾಸು, ದೇಶೀಯ ರಾಜಕೀಯ, ಸಂಸತ್ತಿನ ಅನುಮತಿ ಎಲ್ಲವನ್ನೂ ತಡಕಬೇಕಾಗುತ್ತದೆ.

ನಾನು ಸೇನೆಯಲ್ಲಿ ಇದ್ದವನಲ್ಲ. ಈ ವಿಷಯ ನನಗೆ ಒಗ್ಗುತ್ತದಾ?

ಒಗ್ಗುತ್ತದೆ. ಈ ಕ್ಷೇತ್ರದ ಎಷ್ಟೋ ವಿದ್ವಾಂಸರು ಸಮವಸ್ತ್ರ ತೊಟ್ಟವರಲ್ಲ. ಆದರೆ ಸೇನೆ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲ ವರ್ಷದಲ್ಲೇ ಕುಳಿತು ಕಲಿಯಬೇಕು. ದರ್ಜೆಗಳು, ಬೆಟಾಲಿಯನ್‌ಗೂ ಬ್ರಿಗೇಡ್‌ಗೂ ಇರುವ ವ್ಯತ್ಯಾಸ, ಮುಂಚೂಣಿಯಲ್ಲಿರುವ ಒಬ್ಬ ಸೈನಿಕನ ಹಿಂದೆ ಸರಬರಾಜಿಗೆ ಎಷ್ಟು ಜನ ಬೇಕು ಎನ್ನುವುದು, ಇವು ಬಾಯಿಗೆ ಬಂದಿರಬೇಕು.

ಹೊಸಬರು ಹೆಚ್ಚಾಗಿ ಎಡವುವುದು ಅಧಿಕಾರದ ಪದಗಳಲ್ಲಿ. ಒಂದು ದೇಶ ತನ್ನ ಪಡೆಯನ್ನು ಜಂಟಿ ಕಾರ್ಯಾಚರಣೆಗೆ ಕೊಟ್ಟಾಗ ಪೂರ್ಣ ಅಧಿಕಾರವನ್ನು ಕೈಬಿಡುವುದಿಲ್ಲ. ನಿರ್ದಿಷ್ಟ ಕೆಲಸಕ್ಕೆ ಬೇಕಾದ ಕಾರ್ಯಾಚರಣೆಯ ನಿಯಂತ್ರಣವನ್ನು ಮಾತ್ರ ಜಂಟಿ ಕಮಾಂಡರ್‌ಗೆ ವಹಿಸುತ್ತದೆ. ದಕ್ಷಿಣ ಕೊರಿಯಾದಲ್ಲಿ ಶಾಂತಿಕಾಲದ ನಿಯಂತ್ರಣ 1994ರಲ್ಲೇ ಕೊರಿಯಾದ ಕೈಗೆ ಮರಳಿತು, ಯುದ್ಧಕಾಲದ್ದು ಅಮೆರಿಕದ ಜನರಲ್ ಮುಖ್ಯಸ್ಥರಾಗಿರುವ ಸಂಯುಕ್ತ ಕಮಾಂಡಿನ ಬಳಿ ಉಳಿಯಿತು. ಈ ಭೇದ ಗೊತ್ತಿಲ್ಲದೆ ‘ಕೊರಿಯಾದ ಸೇನೆ ಅಮೆರಿಕದ ಅಧೀನದಲ್ಲಿದೆ’ ಎಂದು ಬರೆದರೆ ಪರಿಶೀಲಕರು ಮುಂದಿನ ಪುಟ ತಿರುವುವುದಿಲ್ಲ.

ಇದನ್ನು ರಾಜ್ಯಶಾಸ್ತ್ರ ವಿಭಾಗದಲ್ಲಿ ಓದಬೇಕೋ, ಇತಿಹಾಸದಲ್ಲೋ, ಬೇರೆ ಕಡೆಯೋ?

ಅಂತರರಾಷ್ಟ್ರೀಯ ರಾಜಕೀಯಕ್ಕೆಂದೇ ಮೊದಲ ಪೀಠ ಹುಟ್ಟಿದ್ದು 1919ರಲ್ಲಿ, ವೇಲ್ಸ್‌ನ ಅಬರಿಸ್ಟ್‌ವಿತ್‌ನಲ್ಲಿ. ಅಲ್ಲಿಂದ ಈಚೆಗೆ ದಾರಿಗಳು ಕವಲೊಡೆದಿವೆ. ಅಮೆರಿಕದಲ್ಲಿ ಇದು ರಾಜ್ಯಶಾಸ್ತ್ರದ ಒಳಗಿನ ಶಾಖೆ, ಅಂಕಿಅಂಶ ಮತ್ತು ಸಿದ್ಧಾಂತಕ್ಕೆ ಅಲ್ಲಿ ಒತ್ತು. ಬ್ರಿಟನ್‌ನಲ್ಲಿ ಸ್ವತಂತ್ರ ವಿಭಾಗಗಳಿವೆ. ಲಂಡನ್‌ನ ಕಿಂಗ್ಸ್ ಕಾಲೇಜಿನಲ್ಲಿ ಯುದ್ಧ ಅಧ್ಯಯನಕ್ಕೇ ಪ್ರತ್ಯೇಕ ವಿಭಾಗವಿದೆ, ಇತಿಹಾಸದ ಒಲವು ಹೆಚ್ಚು. ಮುಂದೆ ಯಾವ ದೇಶದ ಯಾವ ಬಗೆಯ ವಿಭಾಗದಲ್ಲಿ ಕೆಲಸ ಬೇಕು ಎಂಬುದನ್ನು ನೋಡಿಕೊಂಡು ಆರಿಸಿ. ರಾಜ್ಯಶಾಸ್ತ್ರದ ಹುದ್ದೆಗೆ ಇತಿಹಾಸದ ಪಿಎಚ್‌.ಡಿ ಇಟ್ಟುಕೊಂಡು ಹೋಗುವುದು ಕಷ್ಟ. ತಿರುಗಾಮುರುಗಾ ಆದರೂ ಅಷ್ಟೇ.

ಗಣಿತ ಬರಲೇಬೇಕಾ? ಭಾಷೆಗಳು?

ಸ್ವತಃ ಅಂಕಿಅಂಶದ ಕೆಲಸ ಮಾಡದಿದ್ದರೂ ಹಿಂಜರಿತ (ರಿಗ್ರೆಶನ್) ವಿಶ್ಲೇಷಣೆಯ ಒಂದು ಕೋಷ್ಟಕವನ್ನು ಓದಿ ಪ್ರಶ್ನಿಸುವಷ್ಟು ಬರಲೇಬೇಕು. ಸ್ವತಃ ಮಾಡುವವರು ‘ಆರ್’ ಅಥವಾ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ. ಸ್ನಾತಕೋತ್ತರ ಹಂತದಲ್ಲಿ ಸಂಭವನೀಯತೆ, ಹಿಂಜರಿತ, ಕಾರಣ-ಪರಿಣಾಮ ವಿಶ್ಲೇಷಣೆ ಹೀಗೆ ಮೂರು ಕೋರ್ಸುಗಳಾದರೂ ಆಗಿರಲಿ. ಭಾಷೆಯ ವಿಚಾರದಲ್ಲಿ ನಮ್ಮದು ಖಚಿತ ಅಭಿಪ್ರಾಯ: ನೀವು ಬರೆಯುವ ದೇಶದ ರಕ್ಷಣಾ ಸಚಿವಾಲಯ ಯಾವ ಭಾಷೆಯಲ್ಲಿ ಕಡತ ಬರೆಯುತ್ತದೋ ಅದನ್ನು ಓದಲು ಬರಬೇಕು. ಇಂಗ್ಲಿಷಿನಲ್ಲಿ ಸಿಗುವುದು ಆ ದೇಶ ಹೊರಗಿನವರಿಗೆ ಹೇಳಲು ಬಯಸಿದ್ದು ಮಾತ್ರ.

## ಪಿಎಚ್‌.ಡಿ

ನನಗೆ ‘ನ್ಯಾಟೋದ ಭವಿಷ್ಯ’ ಅಂತ ವಿಷಯ ಇಟ್ಟುಕೊಳ್ಳಬೇಕು ಅನ್ನಿಸಿದೆ. ಸರಿಯಾ?

ಅದು ವಿಷಯ, ಇನ್ನೂ ಪ್ರಶ್ನೆಯಾಗಿಲ್ಲ. ಪ್ರಶ್ನೆಯಾಗಬೇಕಾದರೆ ಒಂದೇ ಪರಿಸ್ಥಿತಿಯಲ್ಲಿ ಇಬ್ಬರು ಬೇರೆ ಬೇರೆಯಾಗಿ ನಡೆದುಕೊಂಡಿರಬೇಕು. ಅಫ್ಘಾನಿಸ್ತಾನದ ಅಂತರರಾಷ್ಟ್ರೀಯ ಪಡೆಯಲ್ಲಿ ಕೆಲವು ದೇಶಗಳು ತಮ್ಮ ಸೈನಿಕರಿಗೆ ಷರತ್ತುಗಳನ್ನು ಹಾಕಿದ್ದವು: ಇಂಥ ಪ್ರಾಂತ್ಯ ಬಿಟ್ಟು ಹೋಗಕೂಡದು, ಇಂಥ ಕಾರ್ಯಾಚರಣೆಯಲ್ಲಿ ಭಾಗವಹಿಸಕೂಡದು ಎಂದು. ಅದೇ ಪಡೆಯಲ್ಲಿದ್ದ ಇನ್ನು ಕೆಲವರ ಮೇಲೆ ಅಂಥ ನಿರ್ಬಂಧ ಬಹಳ ಕಡಿಮೆ. ‘ಒಂದೇ ಕಾರ್ಯಾಚರಣೆಯಲ್ಲಿ ಕೆಲವು ದೇಶಗಳು ಷರತ್ತು ಹಾಕುತ್ತವೆ, ಕೆಲವು ಹಾಕುವುದಿಲ್ಲ, ಯಾಕೆ?’ ಎಂದರೆ ಅದು ಪ್ರಶ್ನೆ. ಸಮ್ಮಿಶ್ರ ಸರ್ಕಾರವೇ, ಸಂವಿಧಾನವೇ, ಹಿಂದಿನ ಯುದ್ಧಗಳ ನೆನಪೇ ಎಂದು ಪರೀಕ್ಷಿಸಲು ಬರುತ್ತದೆ.

ವಿಷಯ ಗಟ್ಟಿಯಾಗುವ ಮುನ್ನ ಮೂರು ವಾರ ಮೀಸಲಿಡಿ. ಮೊದಲ ವಾರ ಇದೇ ಪ್ರಶ್ನೆಗೆ ಈಗಾಗಲೇ ಯಾರು ಉತ್ತರ ಕೊಟ್ಟಿದ್ದಾರೆ ಎಂದು ಹುಡುಕಿ. ಎರಡನೇ ವಾರ ಸಾಕ್ಷ್ಯ ಎಲ್ಲಿದೆ, ಅದು ನಿಮ್ಮ ಕೈಗೆ ಸಿಗುತ್ತದೆಯೇ ನೋಡಿ. ಒಂದು ಪ್ರಕರಣದ ದಾಖಲೆಗಳನ್ನು ನಿಜಕ್ಕೂ ತರಿಸಿ ಓದಿ. ಮೂರನೇ ವಾರ ನಿಮ್ಮ ಊಹೆ ಸುಳ್ಳಾದರೆ ಏನು ಕಾಣಬೇಕು ಎಂದು ಬರೆದಿಡಿ. ಎರಡನೇ ವಾರದಲ್ಲೇ ಬಹಳಷ್ಟು ವಿಷಯಗಳು ಬಿದ್ದುಹೋಗುತ್ತವೆ. ಮೂರನೇ ವರ್ಷದಲ್ಲಿ ಬೀಳುವುದಕ್ಕಿಂತ ಅದು ಎಷ್ಟೋ ಮೇಲು.

ಮಾರ್ಗದರ್ಶಕರನ್ನು ಆರಿಸುವಾಗ ಏನು ಕೇಳಬೇಕು? ಹೆಸರು ನೋಡಿ ಹೋದರೆ ಸಾಕಾ?

ಸಾಲದು. ಕಳೆದ ಐದಾರು ವರ್ಷಗಳಲ್ಲಿ ಅವರ ಬಳಿ ಪಿಎಚ್‌.ಡಿ ಮುಗಿಸಿದವರು ಈಗ ಎಲ್ಲಿದ್ದಾರೆ, ಮುಗಿಸದೆ ಬಿಟ್ಟವರು ಎಷ್ಟು ಎಂದು ವಿಚಾರಿಸಿ. ಅಧ್ಯಾಯದ ಕರಡು ಕೊಟ್ಟರೆ ಎಷ್ಟು ದಿನಕ್ಕೆ ಓದಿ ಹಿಂದಿರುಗಿಸುತ್ತಾರೆ ಎಂದು ಈಗಿನ ವಿದ್ಯಾರ್ಥಿಗಳನ್ನೇ ಕೇಳಿ. ಜೊತೆಗೆ ಸಮಿತಿಯಲ್ಲಿ ಒಬ್ಬರಾದರೂ ನಿಮ್ಮ ವಿಧಾನದಲ್ಲಿ ಪಳಗಿದವರಿರಲಿ. ಪತ್ರಾಗಾರದ ಕೆಲಸವನ್ನು ಅಂಕಿಅಂಶದವರು ಮಾತ್ರ ಓದಿದರೆ ತಪ್ಪುಗಳು ಹಾಗೇ ಉಳಿದುಬಿಡುತ್ತವೆ.

ಎಷ್ಟು ವರ್ಷ ಹಿಡಿಯುತ್ತದೆ?

ಅಮೆರಿಕದ ಮಾದರಿಯಲ್ಲಿ ಸಾಮಾನ್ಯವಾಗಿ ಐದರಿಂದ ಏಳು: ಮೊದಲೆರಡು ವರ್ಷ ಕೋರ್ಸುಗಳು, ಆಮೇಲೆ ಸಮಗ್ರ ಪರೀಕ್ಷೆ, ನಂತರ ಪ್ರಸ್ತಾವ, ಕ್ಷೇತ್ರಕಾರ್ಯ, ಬರವಣಿಗೆ. ಯುರೋಪಿನ ಬಹಳಷ್ಟು ಕಡೆ ಮೂರರಿಂದ ನಾಲ್ಕು, ಆದರೆ ಅಲ್ಲಿ ಪ್ರಸ್ತಾವ ಕೈಯಲ್ಲಿ ಹಿಡಿದೇ ಒಳಗೆ ಹೋಗಬೇಕು. ನಮ್ಮ ವಿಷಯದಲ್ಲಿ ತಡವಾಗುವುದಕ್ಕೆ ಮಾಮೂಲಿ ಕಾರಣ ದಾಖಲೆಗಳ ಅನುಮತಿ. ಅರ್ಜಿಗಳನ್ನು ಮೊದಲ ವರ್ಷವೇ ಹಾಕಿಬಿಡಿ, ಉತ್ತರ ಮೂರನೇ ವರ್ಷಕ್ಕೆ ಬರಬಹುದು.

ಯಾವ ಸಿದ್ಧಾಂತಗಳು ಗೊತ್ತಿರಲೇಬೇಕು?

ಪಟ್ಟಿ ಉದ್ದವಿದೆ, ಆದರೆ ಮೂರು ವಿಚಾರಗಳಿಲ್ಲದೆ ಈ ಕ್ಷೇತ್ರದ ಚರ್ಚೆಯೊಳಗೆ ಕಾಲಿಡಲಾಗದು. ಒಂದು, ಹೊರೆ ಹಂಚಿಕೆ. ಮಾನ್ಸುರ್ ಓಲ್ಸನ್ ಮತ್ತು ರಿಚರ್ಡ್ ಝೆಕ್‌ಹೌಸರ್ 1966ರಲ್ಲಿ ತೋರಿಸಿದಂತೆ, ಕೂಟದ ರಕ್ಷಣೆಯ ಫಲ ಎಲ್ಲರಿಗೂ ಸಿಗುವುದಾದರೆ ದೊಡ್ಡ ದೇಶ ತನ್ನ ಪಾಲಿಗಿಂತ ಹೆಚ್ಚು ಹೊರುತ್ತದೆ, ಸಣ್ಣವು ಕಡಿಮೆ ಕೊಟ್ಟು ನೆರಳಲ್ಲಿ ನಿಲ್ಲುತ್ತವೆ. ಎರಡು, ಗ್ಲೆನ್ ಸ್ನೈಡರ್ 1984ರಲ್ಲಿ ವಿವರಿಸಿದ ಇಕ್ಕಟ್ಟು. ಮಿತ್ರ ಕೈಬಿಟ್ಟಾನೆಂಬ ಭಯಕ್ಕೆ ಹೆಚ್ಚು ಹತ್ತಿರವಾದರೆ ಅವನ ಜಗಳಕ್ಕೆ ಸಿಲುಕುವ ಅಪಾಯ. ದೂರ ನಿಂತರೆ ಅವನು ಕೈಬಿಡುವ ಅಪಾಯ. ಮೂರು, ಜೇಮ್ಸ್ ಫಿಯರನ್ 1997ರಲ್ಲಿ ಮಾಡಿದ ವಿಂಗಡಣೆ: ಮಾತು ತಪ್ಪಿದರೆ ಆಮೇಲೆ ಬೆಲೆ ತೆರಬೇಕಾಗುವಂತೆ ತನ್ನ ಕೈ ತಾನೇ ಕಟ್ಟಿಕೊಳ್ಳುವುದು ಒಂದು ಬಗೆಯ ಸಂಕೇತ, ಈಗಲೇ ಖರ್ಚು ಮಾಡಿ ನೆಲೆ ಕಟ್ಟಿ ತೋರಿಸುವುದು ಇನ್ನೊಂದು. ವಿದೇಶಿ ನೆಲದಲ್ಲಿ ಸೈನಿಕರನ್ನು ಇಡುವುದು ಯಾವ ಬಗೆ ಎಂಬ ಬಗ್ಗೆ ಇಂದಿಗೂ ವಾದ ನಡೆದಿದೆ. ಇದು ಒಳ್ಳೆಯ ವಾದ, ಪಿಎಚ್‌.ಡಿಗೆ ಇನ್ನೂ ಜಾಗವಿದೆ.

## ದತ್ತಾಂಶ ಮತ್ತು ವಿಧಾನ

ಯಾವ ದತ್ತಾಂಶದಿಂದ ಶುರು ಮಾಡಲಿ? ಎಲ್ಲ ಒಂದೇ ತರಹ ಕಾಣುತ್ತವೆ.

ಒಂದೊಂದೂ ಅಳೆಯುವುದು ಬೇರೆ. ‘ಕೋರಿಲೇಟ್ಸ್ ಆಫ್ ವಾರ್’ ಯೋಜನೆಯ ಮೈತ್ರಿ ಪಟ್ಟಿ 1816ರಿಂದ ಶುರು. ರಕ್ಷಣಾ ಒಪ್ಪಂದ, ತಾಟಸ್ಥ್ಯ ಅಥವಾ ಅನಾಕ್ರಮಣ, ಸಮಾಲೋಚನೆ ಎಂದು ಸ್ಥೂಲವಾಗಿ ವಿಂಗಡಿಸುತ್ತದೆ. ‘ಎಟಾಪ್’ ಎಂಬ ಇನ್ನೊಂದು ಮೈತ್ರಿ ಸಂಗ್ರಹ 1815ರಿಂದ ಶುರು. ಒಪ್ಪಂದದ ಪಠ್ಯವನ್ನೇ ಓದಿ ರಕ್ಷಣೆ, ಆಕ್ರಮಣ, ತಾಟಸ್ಥ್ಯ, ಅನಾಕ್ರಮಣ, ಸಮಾಲೋಚನೆ ಎಂಬ ಬಾಧ್ಯತೆಗಳನ್ನು, ಯಾವ ಷರತ್ತಿನಲ್ಲಿ ಅನ್ವಯ ಎಂಬುದನ್ನು ಬಿಡಿಬಿಡಿಯಾಗಿ ಗುರುತಿಸುತ್ತದೆ. ಯುದ್ಧದ ಬಾಧ್ಯತೆ ಇಲ್ಲದ ದ್ವಿಪಕ್ಷೀಯ ರಕ್ಷಣಾ ಸಹಕಾರ ಒಪ್ಪಂದಗಳಿಗೆ ಬೇರೆಯೇ ಸಂಗ್ರಹವಿದೆ, ಅದು 1980ರಿಂದ 2010ರವರೆಗಿನದು. ಶಸ್ತ್ರಾಸ್ತ್ರ ವರ್ಗಾವಣೆಗೆ ಸ್ಟಾಕ್‌ಹೋಮ್‌ನ ಶಾಂತಿ ಸಂಶೋಧನಾ ಸಂಸ್ಥೆ ಸಿಪ್ರಿ 1950ರಿಂದ ಲೆಕ್ಕ ಇಟ್ಟಿದೆ. 1991ರಲ್ಲಿ ಸ್ಥಾಪನೆಯಾದ ವಿಶ್ವಸಂಸ್ಥೆಯ ಸಾಂಪ್ರದಾಯಿಕ ಶಸ್ತ್ರಾಸ್ತ್ರ ದಾಖಲೆಪಟ್ಟಿ ಏಳು ಬಗೆಯ ಆಯುಧಗಳನ್ನು ಕೇಳುತ್ತದೆ, ಆದರೆ ವರದಿ ಕೊಡುವುದು ದೇಶಗಳ ಇಚ್ಛೆ. ಅಲ್ಲಿ ಖಾಲಿ ಜಾಗ ಕಂಡರೆ ವ್ಯಾಪಾರ ನಡೆದಿಲ್ಲ ಎಂದು ಓದಬೇಡಿ.

ಸಿಪ್ರಿಯ ಅಂಕಿಗಳನ್ನು ಬಳಸುವವರು ಒಂದು ತಪ್ಪನ್ನು ಪದೇ ಪದೇ ಮಾಡುತ್ತಾರೆ. ಅದರ ‘ಟಿಐವಿ’ ಮೌಲ್ಯ ಹಣವಲ್ಲ. ಆಯುಧದ ಸಾಮರ್ಥ್ಯವನ್ನು ಒಂದೇ ಅಳತೆಗೆ ತಂದ ಪ್ರಮಾಣ ಅದು. ಉಚಿತವಾಗಿ ಕೊಟ್ಟ ಟ್ಯಾಂಕ್, ಪೂರ್ತಿ ಹಣ ತೆತ್ತು ಕೊಂಡ ಅದೇ ಟ್ಯಾಂಕ್ ಎರಡಕ್ಕೂ ಒಂದೇ ಮೌಲ್ಯ. ಹಾಗಾಗಿ ಟಿಐವಿಯನ್ನು ಜಿಡಿಪಿಯಿಂದ ಭಾಗಿಸಿ ‘ರಾಷ್ಟ್ರೀಯ ಆದಾಯದಲ್ಲಿ ಇಷ್ಟು ಪಾಲು ಆಮದಿಗೆ’ ಎಂದು ಬರೆದರೆ ಅದಕ್ಕೆ ಅರ್ಥವೇ ಇಲ್ಲ.

ಮಿತ್ರರು ಕೈಕೊಡುತ್ತಾರೆ ಅಂತ ಒಂದು ಅಧ್ಯಯನ, ಮಾತು ಉಳಿಸಿಕೊಳ್ಳುತ್ತಾರೆ ಅಂತ ಇನ್ನೊಂದು. ಯಾವುದನ್ನು ನಂಬಲಿ?

ಅಳತೆ ಹೇಗೆ ಮಾಡಿದರು ಎಂಬುದನ್ನು ಮೊದಲು ನೋಡಿ. 1980ರಲ್ಲಿ ಬಂದ ಪ್ರಸಿದ್ಧ ಅಧ್ಯಯನವೊಂದು ಯುದ್ಧ ಬಂದಾಗ ಶೇ 27ರಷ್ಟು ಮೈತ್ರಿಗಳು ಮಾತ್ರ ಮಾತಿಗೆ ನಿಂತವು ಎಂದಿತು. 2000ದಲ್ಲಿ ಬ್ರೆಟ್ ಆಶ್ಲಿ ಲೀಡ್ಸ್ ಮತ್ತು ಸಹಲೇಖಕರು ಅದನ್ನೇ ಮರುಪರಿಶೀಲಿಸಿ ಶೇ 74.5 ಎಂದರು. ಹಳೆಯ ಅಧ್ಯಯನ ‘ಮಿತ್ರ ಯುದ್ಧಕ್ಕೆ ಬಂದನೇ?’ ಎಂದು ಕೇಳಿತ್ತು. ಹೊಸದು ಒಪ್ಪಂದದ ಪಠ್ಯ ತೆಗೆದು, ‘ಈ ಯುದ್ಧದಲ್ಲಿ ಬರುತ್ತೇನೆಂದು ಅವನು ಮಾತು ಕೊಟ್ಟಿದ್ದನೇ?’ ಎಂದು ಮೊದಲು ನೋಡಿತು. ಇಂಥ ದೇಶ ದಾಳಿ ಮಾಡಿದರೆ ಮಾತ್ರ, ಇಂಥ ಪ್ರದೇಶದಲ್ಲಿ ಮಾತ್ರ ಎಂಬ ಷರತ್ತು ಅನ್ವಯವಾಗದ ಯುದ್ಧದಲ್ಲಿ ಮನೆಯಲ್ಲೇ ಉಳಿದವನನ್ನು ದ್ರೋಹಿ ಎನ್ನಲಾಗದು.

ಇನ್ನೊಂದು ಸಂಗತಿ ಇದೆ. ಬಲವಾದ ಮೈತ್ರಿಯ ಮೇಲೆ ಶತ್ರು ಕೈಮಾಡುವುದೇ ಕಡಿಮೆ. ಪರೀಕ್ಷೆಗೆ ಒಳಗಾಗುವುದು ಹೆಚ್ಚಾಗಿ ಸಂಶಯಾಸ್ಪದ ಮೈತ್ರಿಗಳೇ. ಆದ್ದರಿಂದ ಯುದ್ಧ ನಡೆದ ಪ್ರಕರಣಗಳನ್ನು ಮಾತ್ರ ಎಣಿಸಿದರೆ ಎಲ್ಲ ಮೈತ್ರಿಗಳ ವಿಶ್ವಾಸಾರ್ಹತೆ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಈ ಒಂದು ವಿವಾದವನ್ನು ಮೂಲ ಪ್ರಬಂಧಗಳಿಂದಲೇ ಓದಿಕೊಂಡವರು ಅಳತೆಯ ಬಗ್ಗೆ ಬಹುಪಾಲು ಪಾಠವನ್ನು ಅಲ್ಲೇ ಕಲಿತುಬಿಡುತ್ತಾರೆ. ಪ್ರತಿ ಹೊಸ ವಿದ್ಯಾರ್ಥಿಗೂ ನಾವು ಮೊದಲು ಸೂಚಿಸುವುದು ಇದನ್ನೇ.

ದೇಶ-ಜೋಡಿ ದತ್ತಾಂಶದಲ್ಲಿ ಲಕ್ಷಾಂತರ ಸಾಲುಗಳಿವೆ. ಅಷ್ಟಿದ್ದ ಮೇಲೆ ಫಲಿತಾಂಶ ಗಟ್ಟಿ ಅಲ್ಲವಾ?

ಸಾಲುಗಳ ಸಂಖ್ಯೆ ಮೋಸ ಮಾಡುತ್ತದೆ. ಇಂಥ ದತ್ತಾಂಶದಲ್ಲಿ ಎರಡು ದೇಶಗಳ ಒಂದೊಂದು ಜೋಡಿಗೂ ವರ್ಷಕ್ಕೊಂದು ಸಾಲು. 195 ದೇಶಗಳಿಂದ 18,915 ಜೋಡಿಗಳಾಗುತ್ತವೆ, 30 ವರ್ಷಕ್ಕೆ 5,67,450 ಸಾಲುಗಳು. ಆದರೆ ಅಮೆರಿಕ ಒಂದೇ ಪ್ರತಿ ವರ್ಷ 194 ಸಾಲುಗಳಲ್ಲಿ ಕೂತಿದೆ. ಫಿಲಿಪೀನ್ಸ್ ಜೊತೆಗಿನ ಅದರ ನಿರ್ಧಾರ ಜಪಾನ್ ಜೊತೆಗಿನ ನಿರ್ಧಾರದಿಂದ ಬಿಡಿಯಾದದ್ದಲ್ಲ. ಸಾಲುಗಳು ಪರಸ್ಪರ ಸ್ವತಂತ್ರ ಎಂದು ಭಾವಿಸಿದರೆ ದೋಷಮಿತಿ ಸುಳ್ಳುಸುಳ್ಳೇ ಚಿಕ್ಕದಾಗಿ, ಫಲಿತಾಂಶ ಆಕಸ್ಮಿಕವಲ್ಲ ಎಂದು ಸೂಚಿಸುವ ನಕ್ಷತ್ರದ ಗುರುತು ಎಲ್ಲದಕ್ಕೂ ಬೀಳುತ್ತದೆ. ಕನಿಷ್ಠ ಎರಡೂ ದೇಶಗಳ ಮಟ್ಟದಲ್ಲಿ ದೋಷಗಳನ್ನು ಗುಂಪುಮಾಡಿ. ಮಿತ್ರನ ಮಿತ್ರ ಮಿತ್ರನಾಗುವ ಒಲವೇ ನಿಮ್ಮ ವಿಷಯವಾದರೆ ಜಾಲ ವಿಶ್ಲೇಷಣೆಯ ಮಾದರಿಗಳಿಗೆ ಹೋಗಿ. ಯಾವತ್ತೂ ಒಪ್ಪಂದ ಮಾಡಿಕೊಳ್ಳುವ ಸಾಧ್ಯತೆಯೇ ಇಲ್ಲದ ಜೋಡಿಗಳನ್ನು ಸೇರಿಸಬೇಕೇ ಎಂಬುದನ್ನೂ ಮೊದಲೇ ತೀರ್ಮಾನಿಸಿ, ಕಾರಣ ಬರೆದಿಡಿ.

ಜಂಟಿ ಸಮರಾಭ್ಯಾಸಗಳ ಪಟ್ಟಿಯನ್ನು ನಾನೇ ತಯಾರಿಸಬೇಕು ಅಂತಿದ್ದೇನೆ. ಹೇಗೆ ಮಾಡಲಿ, ಎಲ್ಲಿ ಕೆಡುತ್ತದೆ?

ದತ್ತಾಂಶ ಸೇರಿಸುವ ಮುನ್ನ ನಿಯಮಪುಸ್ತಿಕೆ ಬರೆಯಿರಿ. ಎರಡು ಹಡಗುಗಳು ಸಮುದ್ರದಲ್ಲಿ ಅರ್ಧ ದಿನ ಜೊತೆಗೆ ಸಾಗಿದರೆ ಅದು ಅಭ್ಯಾಸವೇ? ನಕ್ಷೆಯ ಮೇಲೆ ಮಾತ್ರ ನಡೆದದ್ದು? ವೀಕ್ಷಕರನ್ನಷ್ಟೇ ಕಳಿಸಿದ ದೇಶ ಭಾಗವಹಿಸಿದಂತೆಯೇ? ಇಂಥ ಪ್ರತಿಯೊಂದಕ್ಕೂ ಒಂದು ಸಾಲಿನ ನಿಯಮ, ಒಂದು ಉದಾಹರಣೆ ಇರಲಿ. ಆಮೇಲೆ 50 ಪ್ರಕರಣಗಳನ್ನು ಇಬ್ಬರು ಪರಸ್ಪರ ನೋಡದೆ ಗುರುತಿಸಲಿ. ಒಪ್ಪಿಗೆಯ ಶೇಕಡಾವಾರನ್ನು ನಂಬಬೇಡಿ. ಹತ್ತರಲ್ಲಿ ಒಂಬತ್ತು ಉತ್ತರ ‘ಇಲ್ಲ’ ಆಗಿದ್ದರೆ ಕಣ್ಣುಮುಚ್ಚಿ ‘ಇಲ್ಲ’ ಎಂದವರ ಒಪ್ಪಿಗೆಯೂ ಶೇ 90 ಕಾಣುತ್ತದೆ. ಆಕಸ್ಮಿಕ ಒಪ್ಪಿಗೆಯನ್ನು ಕಳೆದು ಲೆಕ್ಕಹಾಕುವ ಕೊಹೆನ್ ಕಪ್ಪಾ 0.8ರ ಆಸುಪಾಸಿಗೆ ಬರುವವರೆಗೆ ನಿಯಮಗಳನ್ನು ತಿದ್ದಿ, ಮತ್ತೆ ಹೊಸ 50 ತೆಗೆದುಕೊಳ್ಳಿ. ಪ್ರತಿ ಸಾಲಿಗೂ ಮೂಲದ ಪ್ರತಿಯನ್ನು ಉಳಿಸಿಡಿ. ಸಚಿವಾಲಯಗಳು ತಮ್ಮ ತಾಣ ಬದಲಿಸಿದಾಗ ಹಳೆಯ ಪ್ರಕಟಣೆಗಳು ಮಾಯವಾಗುತ್ತವೆ.

ಕೆಡುವುದು ಎರಡು ಕಡೆ. ಒಂದು, ಹಿಂದಿನ ದಶಕಗಳಿಗಿಂತ ಇತ್ತೀಚಿನವು ಹೆಚ್ಚು ಕಾಣುವುದು. ಅಭ್ಯಾಸಗಳೇ ಹೆಚ್ಚಾದವೋ, ಸುದ್ದಿ ಪ್ರಕಟಣೆಗಳು ಹೆಚ್ಚಾದವೋ ಎಂದು ಬೇರ್ಪಡಿಸಬೇಕು. 1990ರಿಂದೀಚೆಗೆ ಒಂದೇ ಬಗೆಯ ಮೂಲದಿಂದ ಇನ್ನೊಂದು ಎಣಿಕೆ ಮಾಡಿ ಹೋಲಿಸಿ. ಎರಡು, ಘೋಷಿತ ಸಂಖ್ಯೆಗಳು. ಸೇನಾ ಚಟುವಟಿಕೆಗಳನ್ನು ದೇಶಗಳು ಪರಸ್ಪರ ತಿಳಿಸಬೇಕೆನ್ನುವ ಯುರೋಪಿನ ವಿಯೆನ್ನಾ ದಾಖಲೆಯ ಪ್ರಕಾರ 9,000 ಸೈನಿಕರ ಅಭ್ಯಾಸವನ್ನು ಕನಿಷ್ಠ 42 ದಿನ ಮೊದಲು ತಿಳಿಸಬೇಕು, 13,000 ಮುಟ್ಟಿದರೆ ವೀಕ್ಷಕರನ್ನು ಕರೆಯಬೇಕು. ರಷ್ಯಾ ಮತ್ತು ಬೆಲಾರುಸ್ 2017ರ ‘ಝಾಪಾದ್’ ಅಭ್ಯಾಸಕ್ಕೆ ಘೋಷಿಸಿದ ಸಂಖ್ಯೆ 12,700. ಪಾಶ್ಚಾತ್ಯ ಅಂದಾಜುಗಳು ಅದಕ್ಕಿಂತ ಬಹಳ ಮೇಲಿದ್ದವು. ಮಿತಿಗಳ ಹತ್ತಿರ ಸಂಖ್ಯೆಗಳು ಗುಂಪುಗೂಡಿದ್ದರೆ ಅದನ್ನೇ ಒಂದು ಸಾಕ್ಷ್ಯವಾಗಿ ಓದಿ.

ರಕ್ಷಣಾ ವೆಚ್ಚ ಜಿಡಿಪಿಯ ಶೇ 2 ದಾಟಿತೋ ಇಲ್ಲವೋ ನೋಡಿದರೆ ಮಿತ್ರನ ಬದ್ಧತೆ ಗೊತ್ತಾಗುವುದಿಲ್ಲವಾ?

ಸ್ವಲ್ಪ ಗೊತ್ತಾಗುತ್ತದೆ. ನ್ಯಾಟೋ 2014ರಲ್ಲಿ ವೇಲ್ಸ್‌ನಲ್ಲಿ ಶೇ 2ರ ಜೊತೆಗೆ, ಆ ವೆಚ್ಚದಲ್ಲಿ ಶೇ 20 ಉಪಕರಣಗಳಿಗೆ ಹೋಗಬೇಕೆಂದೂ ಹೇಳಿತ್ತು. ಎರಡನೆಯದನ್ನು ಎಲ್ಲರೂ ಮರೆಯುತ್ತಾರೆ. 2025ರಲ್ಲಿ ಹೇಗ್‌ನಲ್ಲಿ 2035ಕ್ಕೆ ಶೇ 5ರ ಗುರಿ ಇಟ್ಟಾಗ ಅದರಲ್ಲಿ 3.5 ಮೂಲ ರಕ್ಷಣೆಗೆ, 1.5 ಮೂಲಸೌಕರ್ಯದಂಥ ಸಂಬಂಧಿತ ಬಾಬುಗಳಿಗೆ ಎಂದು ವಿಂಗಡಿಸಿದರು. ನ್ಯಾಟೋ ಲೆಕ್ಕದಲ್ಲಿ ಪಿಂಚಣಿಯೂ ಸೇರಿದೆ. ಆರ್ಥಿಕತೆ ಕುಗ್ಗಿದರೆ ಒಂದು ಪೈಸೆ ಹೆಚ್ಚು ಖರ್ಚು ಮಾಡದೆಯೂ ಶೇಕಡಾವಾರು ಏರುತ್ತದೆ. ಬೇರೆ ಬೇರೆ ಮೂಲಗಳ ವೆಚ್ಚದ ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿ ಬೆರೆಸಬೇಡಿ, ವ್ಯಾಖ್ಯೆಗಳು ಹೊಂದುವುದಿಲ್ಲ.

## ದಾಖಲೆ, ಸಂದರ್ಶನ, ಸುರಕ್ಷತೆ

ಸೇನೆಯ ವಿಷಯ ಅಂದಮೇಲೆ ಎಲ್ಲ ಗುಟ್ಟಲ್ಲವಾ? ದಾಖಲೆ ಎಲ್ಲಿಂದ ತರಲಿ?

ತೆರೆದಿಟ್ಟಿರುವುದೇ ಹೆಚ್ಚಿನವರು ಓದಿ ಮುಗಿಸದಷ್ಟಿದೆ. ವಿಶ್ವಸಂಸ್ಥೆಯ ಸನ್ನದಿನ 102ನೇ ವಿಧಿಯಂತೆ ಸದಸ್ಯ ದೇಶಗಳು ಒಪ್ಪಂದಗಳನ್ನು ವಿಶ್ವಸಂಸ್ಥೆಯದೇ ಸಚಿವಾಲಯದಲ್ಲಿ ನೋಂದಾಯಿಸಬೇಕು. ನೋಂದಾಯಿಸದಿದ್ದರೆ ವಿಶ್ವಸಂಸ್ಥೆಯ ಅಂಗಗಳ ಮುಂದೆ ಅದನ್ನು ಮುಂದಿಡಲಾಗದು. ನೋಂದಾಯಿತವಾದವು ಸಾರ್ವಜನಿಕ. ಸಂಸತ್ತಿನ ಸಮಿತಿಗಳ ವರದಿ, ಲೆಕ್ಕಪರಿಶೋಧಕರ ವರದಿ, ಟೆಂಡರ್ ಪ್ರಕಟಣೆ ಇವುಗಳಲ್ಲಿ ರಕ್ಷಣಾ ಸಚಿವಾಲಯ ಹೇಳದ ವಿವರಗಳು ಸಿಗುತ್ತವೆ. ಒಂದು ನೆಲೆಯಲ್ಲಿ ಇಂಧನ ಸಂಗ್ರಹದ ಸಾಮರ್ಥ್ಯ ಹೆಚ್ಚಿಸುವ ಟೆಂಡರ್ ಹತ್ತು ಜಂಟಿ ಹೇಳಿಕೆಗಳಿಗಿಂತ ಹೆಚ್ಚು ಹೇಳಬಲ್ಲದು.

ಹಳೆಯ ಗೌಪ್ಯ ದಾಖಲೆಗಳಿಗೆ ಪತ್ರಾಗಾರಗಳಿವೆ. ಬ್ರಸೆಲ್ಸ್‌ನ ನ್ಯಾಟೋ ಪತ್ರಾಗಾರ 1999ರಿಂದ ಸಾರ್ವಜನಿಕರಿಗೆ ತೆರೆದಿದೆ, 30 ವರ್ಷ ದಾಟಿದವನ್ನು ಸದಸ್ಯ ದೇಶಗಳ ಒಪ್ಪಿಗೆ ಪಡೆದು ಬಿಡುಗಡೆ ಮಾಡುತ್ತದೆ. ಬ್ರಿಟನ್ 30 ವರ್ಷದ ನಿಯಮವನ್ನು 20ಕ್ಕೆ ಇಳಿಸಿದೆ. ಅಮೆರಿಕದಲ್ಲಿ ವಿನಾಯಿತಿ ಇಲ್ಲದ ದಾಖಲೆಗಳ ಗೌಪ್ಯತೆ 25 ವರ್ಷಕ್ಕೆ ತಾನೇ ಮುಗಿಯುತ್ತದೆ. ಒಂದು ದೇಶದಲ್ಲಿ ಮುಚ್ಚಿರುವ ಪತ್ರದ ಪ್ರತಿ ಇನ್ನೊಂದು ದೇಶದ ಕಡತದಲ್ಲಿ ತೆರೆದಿರಬಹುದು. ಸಹಕಾರದ ವಿಷಯದಲ್ಲಿ ಪ್ರತಿ ಪತ್ರಕ್ಕೂ ಇಬ್ಬರು ವಾರಸುದಾರರು.

ಮಾಹಿತಿ ಹಕ್ಕಿನ ಅರ್ಜಿಗೆ ಅಮೆರಿಕ, ಬ್ರಿಟನ್ ಎರಡರಲ್ಲೂ ಕಾನೂನಿನ ಗಡುವು 20 ಕೆಲಸದ ದಿನ. ರಕ್ಷಣಾ ವಿಷಯದಲ್ಲಿ ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಎಳೆಯುತ್ತದೆ. ‘ಎಲ್ಲ ದಾಖಲೆ ಕೊಡಿ’ ಎಂದರೆ ತಿರಸ್ಕಾರ ಖಚಿತ. ಇಂಥ ಕಚೇರಿ, ಇಂಥ ಆರು ತಿಂಗಳು, ಇಂಥ ಒಪ್ಪಂದದ ಜಾರಿ ವರದಿ ಎಂದು ಕೇಳಿ. ನಿರಾಕರಿಸಿದರೆ ಮೇಲ್ಮನವಿ ಹಾಕಿ, ಅಲ್ಲಿ ಭಾಗಶಃ ಬಿಡುಗಡೆ ಆಗುವುದುಂಟು.

ಸೇನಾಧಿಕಾರಿಗಳು ಸಂದರ್ಶನಕ್ಕೆ ಒಪ್ಪುತ್ತಾರಾ? ಹೇಗೆ ಕೇಳಬೇಕು?

ನಿವೃತ್ತರು ಒಪ್ಪುವುದೇ ಹೆಚ್ಚು, ಅವರಿಂದ ಶುರು ಮಾಡಿ. ಮೊದಲು ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಅನುಮತಿ ಬೇಕು, ಇದಕ್ಕೆ ಎರಡು ಮೂರು ತಿಂಗಳು ಲೆಕ್ಕ ಇಟ್ಟುಕೊಳ್ಳಿ. ಕೋರಿಕೆಯ ಪತ್ರ ಒಂದು ಪುಟ ಮೀರದಿರಲಿ: ಯಾರು, ಯಾಕೆ, ಹಣ ಯಾರದು, ಎಷ್ಟು ಸಮಯ, ಮಾತನ್ನು ಹೇಗೆ ಬಳಸುತ್ತೀರಿ. 45 ನಿಮಿಷ ಕೇಳಿದರೆ ಸಾಕು, ಮಾತು ಹಿಡಿದರೆ ಅವರೇ ಮುಂದುವರಿಸುತ್ತಾರೆ.

ಹೆಸರು ಹಾಕಬಹುದೇ, ಹುದ್ದೆ ಮಾತ್ರವೇ, ಮಾಹಿತಿ ಬಳಸಿ ಮೂಲ ಹೇಳಬಾರದೇ ಎಂಬುದನ್ನು ಮಾತಿಗೆ ಮೊದಲೇ ತೀರ್ಮಾನಿಸಿ ಬರೆಸಿಕೊಳ್ಳಿ. ‘ಚಾಥಮ್ ಹೌಸ್ ನಿಯಮ’ ಎಂದಷ್ಟೇ ಹೇಳಿ ಬಿಡುವುದು ಬೇಡ. 1927ರಲ್ಲಿ ರೂಪುಗೊಂಡ ಆ ನಿಯಮ ಸಭೆಗಳಿಗಾಗಿ ಇರುವುದು. ಮಾಹಿತಿ ಬಳಸಬಹುದು, ಹೇಳಿದವರು ಯಾರೆಂದು ತಿಳಿಸಬಾರದು ಎನ್ನುತ್ತದೆ. ಇಬ್ಬರೇ ಕೂತ ಸಂದರ್ಶನದಲ್ಲಿ ‘ಇಂಥ ವರ್ಷ ಇಂಥ ನೆಲೆಯ ಉಪ ಕಮಾಂಡರ್’ ಎಂದು ಬರೆದರೆ ಹೆಸರು ಬರೆದಂತೆಯೇ ಆಯಿತು.

ಪ್ರಶ್ನೆಗಳನ್ನು ಕೆಲಸದಿಂದ ಶುರುಮಾಡಿ. ‘ಸಹಕಾರ ಹೇಗಿತ್ತು?’ ಎಂದರೆ ‘ಅತ್ಯುತ್ತಮವಾಗಿತ್ತು’ ಎನ್ನುತ್ತಾರೆ. ‘ರೇಡಿಯೋಗಳು ಪರಸ್ಪರ ಕೇಳಿಸುತ್ತಿದ್ದವಾ? ಇಂಧನದ ನಳಿಕೆಯ ಜೋಡಣೆ ಹೊಂದುತ್ತಿತ್ತಾ? ಮಾಹಿತಿ ಹಂಚಲು ಯಾರ ಸಹಿ ಬೇಕಿತ್ತು?’ ಎಂದು ಕೇಳಿದರೆ ನಿಜ ಹೊರಬೀಳುತ್ತದೆ. ಟಿಪ್ಪಣಿಯನ್ನು ಅದೇ ದಿನ ಬರೆದು ಮುಗಿಸಿ. ಹೇಳಿದ ದಿನಾಂಕ, ಕ್ರಮಗಳನ್ನು ದಾಖಲೆಯೊಂದಿಗೆ ತಾಳೆ ನೋಡದೆ ಬಳಸಬೇಡಿ.

ಬೇರೆ ದೇಶಕ್ಕೆ ಹೋಗಿ ಈ ಬಗ್ಗೆ ವಿಚಾರಿಸಿದರೆ ಗೂಢಚಾರ ಅಂತ ಹಿಡಿಯುತ್ತಾರಾ?

ಆ ಅಪಾಯ ಕಾಲ್ಪನಿಕವಲ್ಲ. 2018ರಲ್ಲಿ ಬ್ರಿಟನ್‌ನ ಪಿಎಚ್‌.ಡಿ ವಿದ್ಯಾರ್ಥಿಯೊಬ್ಬರನ್ನು ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಬಂಧಿಸಲಾಯಿತು. ಅವರು ಅಲ್ಲಿನ ಭದ್ರತಾ ನೀತಿಯ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. ನವೆಂಬರ್‌ನಲ್ಲಿ ಜೀವಾವಧಿ ಶಿಕ್ಷೆ ಪ್ರಕಟವಾಗಿ, ಕೆಲವೇ ದಿನಗಳಲ್ಲಿ ಕ್ಷಮಾದಾನ ಸಿಕ್ಕಿತು. ಪ್ರವಾಸಿ ವೀಸಾದಲ್ಲಿ ಹೋಗಿ ಸಂದರ್ಶನ ಮಾಡಬೇಡಿ, ಸಂಶೋಧನಾ ವೀಸಾ ಪಡೆಯಿರಿ. ಸ್ಥಳೀಯ ವಿಶ್ವವಿದ್ಯಾಲಯದ ಅಧಿಕೃತ ಆಹ್ವಾನ ಕೈಯಲ್ಲಿರಲಿ. ನೆಲೆ, ಬಂದರುಗಳ ಚಿತ್ರ ತೆಗೆಯಬೇಡಿ. ಹಿಂದಿನ ಸಂದರ್ಶನಗಳಿರುವ ಲ್ಯಾಪ್‌ಟಾಪ್ ಒಯ್ಯಬೇಡಿ, ಖಾಲಿ ಯಂತ್ರ ಒಯ್ಯಿರಿ. ದಿನಕ್ಕೊಮ್ಮೆ ಗೊತ್ತಾದ ಸಮಯಕ್ಕೆ ಮನೆಯಲ್ಲೋ ವಿಭಾಗದಲ್ಲೋ ಒಬ್ಬರಿಗೆ ಸಂದೇಶ ಹೋಗಲಿ. ಬರದಿದ್ದರೆ ಯಾರಿಗೆ ಕರೆ ಮಾಡಬೇಕೆಂದು ಅವರಿಗೆ ಬರೆದುಕೊಟ್ಟಿರಿ. ನಿಮಗಿಂತ ಹೆಚ್ಚು ಅಪಾಯ ನಿಮ್ಮ ಜೊತೆ ಮಾತಾಡಿದ ಸ್ಥಳೀಯರಿಗೆ. ಅವರ ಹೆಸರು ಮತ್ತು ಮಾತು ಒಂದೇ ಕಡತದಲ್ಲಿ ಎಂದೂ ಇರಕೂಡದು.

ರಕ್ಷಣಾ ಇಲಾಖೆಯ ಹಣ ತೆಗೆದುಕೊಳ್ಳಬಹುದಾ?

ಬಹಳ ಜನ ತೆಗೆದುಕೊಳ್ಳುತ್ತಾರೆ. ಅಮೆರಿಕದ ರಕ್ಷಣಾ ಇಲಾಖೆ 2008ರಲ್ಲಿ ಸಮಾಜವಿಜ್ಞಾನಕ್ಕೆಂದೇ ‘ಮಿನರ್ವಾ’ ಯೋಜನೆ ಆರಂಭಿಸಿದಾಗ ಇದೇ ಪ್ರಶ್ನೆಯ ಮೇಲೆ ದೊಡ್ಡ ಚರ್ಚೆ ನಡೆಯಿತು. ಸಹಿ ಹಾಕುವ ಮುನ್ನ ಕರಾರಿನಲ್ಲಿ ಮೂರು ಸಾಲು ಹುಡುಕಿ: ಪ್ರಕಟಣೆಗೆ ಅವರ ಅನುಮತಿ ಬೇಕೇ, ದತ್ತಾಂಶದ ಒಡೆತನ ಯಾರದು, ಸಂದರ್ಶನದ ಮೂಲ ಟಿಪ್ಪಣಿ ಕೇಳುವ ಹಕ್ಕು ಅವರಿಗಿದೆಯೇ. ಮೂರನೆಯದು ಇದ್ದರೆ ಬೇಡವೆನ್ನಿ, ಯಾವ ಮೊತ್ತವಾದರೂ ಸರಿ. ಹಣದ ಮೂಲವನ್ನು ಸಂದರ್ಶನ ಕೊಡುವವರಿಗೂ ಓದುಗರಿಗೂ ತಿಳಿಸಲೇಬೇಕು.

## ಪ್ರಕಟಣೆ ಮತ್ತು ಉದ್ಯೋಗ

ಮೊದಲ ಪ್ರಬಂಧವನ್ನು ಎಲ್ಲಿಗೆ ಕಳಿಸಲಿ?

ನಿಮ್ಮ ಉಲ್ಲೇಖಪಟ್ಟಿಯಲ್ಲಿ ಯಾವ ಪತ್ರಿಕೆ ಹೆಚ್ಚು ಸಲ ಬಂದಿದೆಯೋ ಅದು ನಿಮ್ಮ ಓದುಗರಿರುವ ಜಾಗ. 1947ರಿಂದ ಬರುತ್ತಿರುವ ‘ಇಂಟರ್‌ನ್ಯಾಷನಲ್ ಆರ್ಗನೈಸೇಷನ್’ ಸಿದ್ಧಾಂತದ ಹೊಸತನ ಕೇಳುತ್ತದೆ. 1957ರ ‘ಜರ್ನಲ್ ಆಫ್ ಕಾನ್‌ಫ್ಲಿಕ್ಟ್ ರೆಸಲ್ಯೂಷನ್’ ಅಂಕಿಅಂಶ ಮತ್ತು ಮಾದರಿಗಳತ್ತ ವಾಲುತ್ತದೆ. 1976ರ ‘ಇಂಟರ್‌ನ್ಯಾಷನಲ್ ಸೆಕ್ಯುರಿಟಿ’ ನೀತಿಗೆ ಸಂಬಂಧಿಸಿದ, ಇತಿಹಾಸದ ಸಾಕ್ಷ್ಯವುಳ್ಳ ದೀರ್ಘ ಬರಹಗಳಿಗೆ ಹೆಸರಾದದ್ದು. ಪರಿಶೀಲನೆಗೆ ಮೂರರಿಂದ ಆರು ತಿಂಗಳು ಸಾಮಾನ್ಯ, ಒಂದೇ ಬಾರಿ ಎರಡು ಕಡೆ ಕಳಿಸುವಂತಿಲ್ಲ. ಸಂಪಾದಕರ ಮೇಜಿನಿಂದಲೇ ಮರಳುವ ಪ್ರಬಂಧಗಳಲ್ಲಿ ಬಹಳಷ್ಟಕ್ಕೆ ಕಾರಣ ಒಂದೇ: ಮೊದಲೆರಡು ಪುಟಗಳಲ್ಲಿ ಪ್ರಶ್ನೆ ಯಾವುದು, ಉತ್ತರ ಏನು ಎಂದು ಹೇಳಿರುವುದಿಲ್ಲ. ಪ್ರಕಟವಾಗುವ ದಿನಕ್ಕೆ ದತ್ತಾಂಶ ಮತ್ತು ಕೋಡ್ ಸಿದ್ಧವಿರಲಿ, ಈಗ ಹಲವು ಪತ್ರಿಕೆಗಳು ಅದನ್ನು ಕಡ್ಡಾಯ ಮಾಡಿವೆ.

ಅಧ್ಯಾಪಕ ಹುದ್ದೆ ಹುಡುಕುವುದು ಯಾವಾಗ ಶುರು ಮಾಡಬೇಕು?

ಪಿಎಚ್‌.ಡಿ ಮುಗಿಯುವುದಕ್ಕೆ ಒಂದು ವರ್ಷ ಮೊದಲು. ಉತ್ತರ ಅಮೆರಿಕದಲ್ಲಿ ಹೆಚ್ಚಿನ ಜಾಹೀರಾತುಗಳು ಜುಲೈನಿಂದ ಅಕ್ಟೋಬರ್ ನಡುವೆ ಬರುತ್ತವೆ. ಬೇರೆಡೆ ವರ್ಷವಿಡೀ ಚದುರಿರುತ್ತವೆ. ಅರ್ಜಿ ಪತ್ರ, ಸ್ವವಿವರ, ಸಂಶೋಧನೆ ಮತ್ತು ಬೋಧನೆಯ ಹೇಳಿಕೆಗಳು, ಒಂದು ಬರಹದ ಮಾದರಿ, ಮೂರು ಶಿಫಾರಸು ಪತ್ರ ಬೇಕಾಗುತ್ತವೆ. ಶಿಫಾರಸು ಕೇಳಲು ಆರು ವಾರ ಮುಂಚೆಯೇ ಹೋಗಿ. ಅಂತರರಾಷ್ಟ್ರೀಯ ಅಧ್ಯಯನ ಸಂಘದ ವಾರ್ಷಿಕ ಸಮ್ಮೇಳನ ವರ್ಷದ ಮೊದಲ ತಿಂಗಳುಗಳಲ್ಲಿ ನಡೆಯುತ್ತದೆ, ಅದರ ಪ್ರಸ್ತಾವದ ಗಡುವು ಸಾಮಾನ್ಯವಾಗಿ ಹಿಂದಿನ ವರ್ಷದ ಜೂನ್ ಆರಂಭದಲ್ಲೇ ಮುಗಿದಿರುತ್ತದೆ. ಸೇನಾ ಸಹಕಾರವನ್ನೇ ಬೋಧಿಸಿ ಎಂದು ಕೇಳುವ ಹುದ್ದೆ ಅಪರೂಪ. ಅಂತರರಾಷ್ಟ್ರೀಯ ಸಂಬಂಧಗಳ ಪ್ರವೇಶ ಕೋರ್ಸು ಮತ್ತು ಸಂಶೋಧನಾ ವಿಧಾನದ ಕೋರ್ಸು, ಈ ಎರಡನ್ನು ನಾಳೆಯೇ ಪಾಠ ಮಾಡಬಲ್ಲೆ ಎಂದು ಪಠ್ಯಯೋಜನೆ ಸಮೇತ ತೋರಿಸಿ.

ಸೇನಾ ಕಾಲೇಜುಗಳನ್ನು ಮರೆಯಬೇಡಿ. ಹಲವು ದೇಶಗಳಲ್ಲಿ ಅಲ್ಲಿ ನಾಗರಿಕ ಪ್ರಾಧ್ಯಾಪಕರಿದ್ದಾರೆ, ವಿದ್ಯಾರ್ಥಿಗಳು ಮಧ್ಯಮ ದರ್ಜೆಯ ಅಧಿಕಾರಿಗಳು. ಬೋಧನೆಯ ಹೊರೆ, ಪ್ರಕಟಣೆಗೆ ಮುಂಚಿನ ಅನುಮತಿ, ಹುದ್ದೆಯ ಖಾಯಮಾತಿ ಹೇಗೆ ಎಂದು ಮೊದಲೇ ಕೇಳಿ. ಒಂದೊಂದು ಕಡೆ ಒಂದೊಂದು ರೀತಿ.

ಸರ್ಕಾರಕ್ಕೋ ಚಿಂತಕರ ಚಾವಡಿಗೋ ಹೋಗಿ ಆಮೇಲೆ ವಿಶ್ವವಿದ್ಯಾಲಯಕ್ಕೆ ಮರಳಬಹುದಾ?

ಒಂದೆರಡು ವರ್ಷವಾದರೆ ಬರಬಹುದು, ಹಲವರು ಬಂದಿದ್ದಾರೆ. ಖಾಯಂ ಆದ ಮೇಲೆ ಹೋಗುವುದು ಸುಲಭ. ಖಾಯಂ ಆಗಲು ಕೊಟ್ಟ ವರ್ಷಗಳ ಗಡಿಯಾರ ಓಡುತ್ತಿರುವಾಗ ಹೋಗುವುದಾದರೆ ಅದನ್ನು ನಿಲ್ಲಿಸಲು ವಿಶ್ವವಿದ್ಯಾಲಯ ಒಪ್ಪುತ್ತದೆಯೇ ಎಂದು ಲಿಖಿತದಲ್ಲಿ ಪಡೆಯಿರಿ. ಚಾವಡಿಯ ಕಿರುವರದಿಗಳನ್ನು ಬಡ್ತಿ ಸಮಿತಿಗಳು ಸಾಮಾನ್ಯವಾಗಿ ಪರಿಶೀಲಿತ ಪ್ರಬಂಧಕ್ಕೆ ಸಮನಾಗಿ ಎಣಿಸುವುದಿಲ್ಲ, ಹಾಗಾಗಿ ವರ್ಷಕ್ಕೆ ಒಂದು ಪ್ರಬಂಧವಾದರೂ ಪರಿಶೀಲನೆಯಲ್ಲಿ ಇರುವಂತೆ ನೋಡಿಕೊಳ್ಳಿ.

ಗೌಪ್ಯ ಮಾಹಿತಿ ನೋಡುವ ಅನುಮತಿ ಪಡೆಯುವಾಗ ಎರಡು ಸಲ ಯೋಚಿಸಿ. ಅಮೆರಿಕದಲ್ಲಿ ಅಂಥ ಕರಾರಿಗೆ ಸಹಿ ಹಾಕಿದವರು ಕೆಲಸ ಬಿಟ್ಟ ಮೇಲೂ ಸಂಬಂಧಿತ ಬರಹಗಳನ್ನು ಪ್ರಕಟಣೆಗೆ ಮುನ್ನ ಪರಿಶೀಲನೆಗೆ ಕೊಡಬೇಕಾಗುತ್ತದೆ. ಅಲ್ಲಿ ಕಂಡದ್ದನ್ನು ಬಳಸುವಂತಿಲ್ಲ. ಅದೇ ಸಂಗತಿ ನಾಳೆ ಪತ್ರಿಕೆಯಲ್ಲಿ ಬಂದರೂ ನೀವು ದೃಢಪಡಿಸುವಂತಿಲ್ಲ. ಹೋಗುವ ಮೊದಲು ನಿಮ್ಮಲ್ಲಿರುವ ಟಿಪ್ಪಣಿ, ದಾಖಲೆ, ಕರಡುಗಳ ದಿನಾಂಕ ಹಾಕಿದ ಪಟ್ಟಿಯೊಂದನ್ನು ಮಾಡಿ ವಿಭಾಗದಲ್ಲಿ ಇಟ್ಟುಹೋಗಿ. ಮರಳಿ ಬಂದ ಮೇಲೆ ಯಾವುದು ತೆರೆದ ಮೂಲದಿಂದ ಬಂದದ್ದೆಂದು ತೋರಿಸಲು ಆ ಪಟ್ಟಿ ಬೇಕಾಗುತ್ತದೆ.